ರೆಸ್ಯೂಮ್ ಪುರಾಣ, ಭಾಗ 3: 'ಅನುಭವ ಇಲ್ಲ' ಅನ್ನೋ ಸುಳ್ಳು

ನಮ್ಮ ಬಿಕಾಂ ಮಂದಿ ರೆಸ್ಯೂಮ್ ಎಲ್ಲಾ ಒಂದೇ: 'ಹಾರ್ಡ್‌ವರ್ಕಿಂಗ್, ಟೀಮ್ ಪ್ಲೇಯರ್, ಎಂಎಸ್ ಆಫೀಸ್.' ಸೈಬರ್ ಸೆಂಟರಿನ ಟೆಂಪ್ಲೇಟು, ಹೆಸರಷ್ಟೇ ಬದಲಿ.

ತಿಂಥಣಿ ಮೌನೇಶ್ವರ ಜಾತ್ರ್ಯಾಗ ಬೆಂಡು-ಬತ್ತಾಸ ಅಂಗಡಿ ಹಾಕಿ ನಗದು, ಉದ್ರಿ, ಫೋನ್‌ಪೇ ಮೂರರ ಲೆಕ್ಕಾನೂ ಬರದಿಟ್ಟು, ಫೋನ್‌ಪೇ ಜಮಾನ ರಾತ್ರಿ ಪಾಸ್‌ಬುಕ್ಕಿಗೆ ತಾಳೆ ನೋಡೋ ಹುಡುಗಿ 'ಅನುಭವ: ಇಲ್ಲ' ಅಂತ ಬರೀತಾಳ. ಯಾಕವ್ವ? ಇದಕ್ಕೇ ಅಲ್ಲೇನು ಕಾಲೇಜಿನಾಗ ಬ್ಯಾಂಕ್ ರಿಕನ್ಸಿಲಿಯೇಷನ್ ಅಂತ ಮಾರ್ಕ್ಸ್ ಕೊಡೋದು! ಹತ್ತಿ ಪಟ್ಟಿಯೊಳಗ ಹಮಾಲಿ, ತೂಕದ ಕಡಿತ ಸರಿ ಅದನೋ ಇಲ್ಲೋ ಅಂತ ಅಪ್ಪಗ ಲೆಕ್ಕ ಹಾಕಿ ಹೇಳೋದೂ ಸ್ಕಿಲ್ಲೇ.

'ಮನಿ ಕೆಲಸಾನ ಕಂಪನಿಯವರು ಒಪ್ಪಂಗಿಲ್ಲ' ಅಂತೀರಿ. ಎಷ್ಟು ದಿನ, ದಿನಕ್ಕ ಎಷ್ಟು ವ್ಯವಹಾರ, ಲೆಕ್ಕ ಯಾರ ಕೈಯಾಗಿತ್ತು, ಅಷ್ಟು ಬರದು ನೋಡ್ರಿ. ಇಂಟರ್‌ವ್ಯೂನಾಗ ಕೇಳಾಕ ಅವರಿಗೂ ಏನರ ಬೇಕಲ್ಲ! 'ಟೀಮ್ ಪ್ಲೇಯರ್' ನೋಡಿ ಏನಂತ ಕೇಳ್ತಾರ, ಕಬಡ್ಡಿ ಟೀಮೋ ಖೋಖೋನೋ ಅಂತನಾ?