ಎಲ್ಲರ ಮರಳು, ಯಾರಿಗೂ ಗೊತ್ತಿಲ್ಲದ ಕಾನೂನು

ಹೋದ ಮೇ ತಿಂಗಳಲ್ಲಿ ಅಕ್ಕ ನಮ್ಮೂರ ಕಡಲತೀರದಲ್ಲಿ ಉಂಗುರ ಕಳಕೊಂಡಳು. ನಿಶ್ಚಿತಾರ್ಥದ್ದು, ಐದು ಗ್ರಾಂ. ಮಗನ ಜೊತೆ ಮರಳಲ್ಲಿ ಗುಡ್ಡೆ ಕಟ್ಟುತ್ತಾ ಇದ್ದವಳಿಗೆ ಅದು ಗೊತ್ತಾದದ್ದು ಮನೆಗೆ ಬಂದು ಕೈ ತೊಳೆಯುವಾಗ. ಭಾವ ಏನೂ ಅನ್ನಲಿಲ್ಲ. ಅಮ್ಮ ಮಾತ್ರ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ನನಗೆ ಧೈರ್ಯ ಇತ್ತು. ಎರಡು ವರ್ಷದ ಹಿಂದೆ ಆನ್‌ಸೈಟ್ ಅಂತ ಇಂಗ್ಲೆಂಡಿನ ದಕ್ಷಿಣ ತೀರದ ಒಂದು ಊರಲ್ಲಿದ್ದೆ. ಭಾನುವಾರ ಬೆಳಿಗ್ಗೆ ಬೀಚಿಗೆ ಹೋದರೆ ನಾಲ್ಕೈದು ಅಜ್ಜಂದಿರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕೈಯಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು, ಗದ್ದೆ ಗುಡಿಸಿದ ಹಾಗೆ ಮರಳು ಗುಡಿಸುತ್ತಿದ್ದರು. ಒಮ್ಮೆ ಯಾರೋ ಹೆಂಗಸು ಉಂಗುರ ಬಿತ್ತು ಅಂತ ಅಳುತ್ತಾ ಬಂದಳು. ಒಬ್ಬ ಅಜ್ಜ ಇಪ್ಪತ್ತು ನಿಮಿಷದಲ್ಲಿ ಹುಡುಕಿ ಕೊಟ್ಟ. ಒಂದು ಪೆನ್ನಿ ತಗೊಳ್ಳಲಿಲ್ಲ. ತೋಡಿದ ಗುಂಡಿಯನ್ನು ಕಾಲಲ್ಲಿ ಮುಚ್ಚಿ ಮುಂದೆ ಹೋದ.

ಅದನ್ನು ನೆನಪಿಸಿಕೊಂಡು ನಾನೂ ಆನ್‌ಲೈನಿನಲ್ಲಿ ಒಂದು ಸಣ್ಣ ಮೆಷಿನ್ ತರಿಸಿದೆ. ತೀರಕ್ಕೆ ಹೋಗಿ ಹತ್ತು ನಿಮಿಷ ಆಗಿರಲಿಲ್ಲ, ಕಾನ್‌ಸ್ಟೇಬಲ್ ಒಬ್ಬರು ಬಂದರು.

"ಎಂಥದು ಮಾರಾಯ್ರೆ ಇದು? ಪರ್ಮಿಶನ್ ಉಂಟಾ?"

"ಯಾರ ಹತ್ರ ತಗೊಳ್ಬೇಕು ಸಾರ್?"

"ಅದು ನಂಗೆ ಗೊತ್ತಿಲ್ಲ. ಆದ್ರೆ ಪರ್ಮಿಶನ್ ಬೇಕು."

ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಮರುದಿನ ಒಂದು ಕಚೇರಿಗೆ ಹೋದೆ. "ನಮ್ಮದಲ್ಲ, ಅಲ್ಲಿ ಕೇಳಿ" ಅಂದರು. ಅಲ್ಲಿ ಹೋದರೆ "ಇಲ್ಲಿಗೆ ಯಾಕೆ ಬಂದ್ರಿ?" ಮೂರನೆಯವರು ಅರ್ಜಿ ಬರೆದುಕೊಡಲು ಹೇಳಿದರು. ಬರೆದುಕೊಟ್ಟೆ. ಅಷ್ಟರಲ್ಲಿ ಜೂನ್ ಬಂತು, ಮಳೆಗಾಲದ ಕಡಲು ಆ ಮರಳನ್ನೆಲ್ಲ ಎಳಕೊಂಡು ಹೋಯಿತು. ಅರ್ಜಿಗೆ ಉತ್ತರ ಇವತ್ತಿಗೂ ಬಂದಿಲ್ಲ :(

ಈಗ ವಿಷಯಕ್ಕೆ ಬರ್ತೀನಿ. "ಇಂಗ್ಲೆಂಡಲ್ಲಿ ಎಲ್ಲ ಬಿಟ್ಟುಬಿಟ್ಟಿದ್ದಾರೆ, ನಮ್ಮಲ್ಲಿ ಮಾತ್ರ ಕಿರಿಕಿರಿ" ಅಂತ ನಾನು ಹೇಳ್ತಾ ಇಲ್ಲ. ಅಲ್ಲಿ ನಿಯಮ ನಮಗಿಂತ ಹೆಚ್ಚು. ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ಉಬ್ಬರ ಇಳಿತಗಳ ನಡುವಿನ ಜಾಗದಲ್ಲಿ ಸುಮಾರು ಅರ್ಧದಷ್ಟು ಕ್ರೌನ್ ಎಸ್ಟೇಟಿನದು. ಅಲ್ಲಿ ಡಿಟೆಕ್ಟರ್ ಹಿಡಿಯಲು ಪ್ರತ್ಯೇಕ ಪರವಾನಗಿ ಬೇಡ, ಆದರೆ ಷರತ್ತುಗಳಿವೆ. ಸಂರಕ್ಷಿತ ಸ್ಮಾರಕದ ಹತ್ತಿರ ಹೋಗುವ ಹಾಗಿಲ್ಲ. ಉಳಿದ ತೀರ ಕೌನ್ಸಿಲಿನದೋ ಖಾಸಗಿಯವರದೋ ಆಗಿದ್ದರೆ ಅವರನ್ನೇ ಕೇಳಬೇಕು. ನ್ಯಾಶನಲ್ ಟ್ರಸ್ಟ್ ಜಾಗದಲ್ಲಿ ಸಾಮಾನ್ಯವಾಗಿ ಬಿಡುವುದೇ ಇಲ್ಲ. 300 ವರ್ಷಕ್ಕಿಂತ ಹಳೆಯ ಚಿನ್ನ ಬೆಳ್ಳಿಯ ಒಡವೆ ಸಿಕ್ಕರೆ 1996ರ ಟ್ರೆಶರ್ ಆಕ್ಟ್ ಪ್ರಕಾರ 14 ದಿನದೊಳಗೆ ತಿಳಿಸಬೇಕು. ಒಡೆದ ಹಡಗಿನ ಸಾಮಾನಾದರೆ 28 ದಿನದೊಳಗೆ 'ರಿಸೀವರ್ ಆಫ್ ರೆಕ್' ಅನ್ನುವ ಅಧಿಕಾರಿಗೆ.

ವ್ಯತ್ಯಾಸ ಏನಂದ್ರೆ, ಈ ನಿಯಮಗಳು ಆ ಅಜ್ಜನಿಗೆ ಬಾಯಿಪಾಠ. ಹಳೆಯ ನಿಧಿಯನ್ನು ಮ್ಯೂಸಿಯಂ ಇಟ್ಟುಕೊಂಡರೆ ಮಾರುಕಟ್ಟೆ ಬೆಲೆ ಕೊಡುತ್ತದೆ, ಸಾಮಾನ್ಯವಾಗಿ ಸಿಕ್ಕವನಿಗೂ ಜಮೀನಿನವನಿಗೂ ಅರ್ಧರ್ಧ. ನಿಧಿ ಅಲ್ಲದ ಹಳೆಯ ಗುಂಡಿ, ಬಕಲ್, ನಾಣ್ಯಗಳನ್ನು ದಾಖಲಿಸಲು 1997ರಲ್ಲಿ ಒಂದು ಯೋಜನೆ ಶುರು ಮಾಡಿದರು. ಇವತ್ತು ಅದರಲ್ಲಿ 15 ಲಕ್ಷಕ್ಕೂ ಹೆಚ್ಚು ವಸ್ತುಗಳಿವೆ. ಪ್ರಾಮಾಣಿಕನಾಗಿರುವುದನ್ನು ಸುಲಭ ಮಾಡಿದ್ದಾರೆ, ಅಷ್ಟೇ.

ಹಾಗಂತ ಅಲ್ಲಿ ಕಳ್ಳರಿಲ್ಲವೇ? ಇದ್ದಾರೆ. 2007ರ ಜನವರಿಯಲ್ಲಿ ಎಂಎಸ್‌ಸಿ ನಾಪೋಲಿ ಹಡಗಿನ ಕಂಟೇನರ್‌ಗಳು ಡೆವನ್‌ನ ಬ್ರಾನ್ಸ್‌ಕಂಬ್ ತೀರಕ್ಕೆ ಬಂದು ಬಿದ್ದಾಗ ಜನ ಬಿಎಂಡಬ್ಲ್ಯೂ ಬೈಕುಗಳನ್ನೇ ತಳ್ಳಿಕೊಂಡು ಹೋದರು. 2015ರಲ್ಲಿ ಹೆರೆಫರ್ಡ್‌ಶೈರಿನ ಹೊಲವೊಂದರಲ್ಲಿ ವೈಕಿಂಗ್ ಕಾಲದ ನಿಧಿ ಸಿಕ್ಕವರು ತಿಳಿಸದೆ ಮಾರಿದರು. ಸುಮಾರು 300 ನಾಣ್ಯ ಇದ್ದಿರಬೇಕು ಅನ್ನುತ್ತಾರೆ, ವಾಪಸ್ ಸಿಕ್ಕಿದ್ದು 30ರಷ್ಟು. 2019ರಲ್ಲಿ ಜೈಲಾಯಿತು. ನಿಯಮ ಸ್ಪಷ್ಟವಾಗಿದ್ದಕ್ಕೇ ಕಳ್ಳ ಯಾರು, ಅಜ್ಜ ಯಾರು ಅಂತ ಬೇರೆ ಮಾಡಲು ಆಯಿತು.

ನಮ್ಮಲ್ಲಿ? ಭಾರತದ ನಿಧಿ ಕಾಯ್ದೆ 1878ರದ್ದು. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ನೆಲದಲ್ಲಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು ಅನ್ನುತ್ತದೆ. ಗ್ರಹಾಂ ಬೆಲ್ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಮೈಯೊಳಗಿನ ಗುಂಡು ಹುಡುಕಲು ಇಂಥ ಯಂತ್ರ ಹಿಡಿದು ಹೋದದ್ದು 1881ರಲ್ಲಿ. ಅಂದರೆ ಯಂತ್ರಕ್ಕಿಂತ ಕಾಯ್ದೆ ಮೂರು ವರ್ಷ ದೊಡ್ಡದು! ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆ ಇದೆ. ಆದರೆ ಅಕ್ಕನ ಉಂಗುರ ನಿಧಿಯಲ್ಲವಲ್ಲ.

"ಯಂತ್ರ ಕೊಟ್ಟರೆ ನಿಧಿಗಳ್ಳರು ಗುಡಿ ಅಗೆಯುತ್ತಾರೆ" ಅನ್ನುವವರಿದ್ದಾರೆ. ಈ ಭಯ ಸುಳ್ಳಲ್ಲ. 2019ರ ಜುಲೈಯಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ ನಿಧಿಯಾಸೆಗೆ ಒಡೆದರು. ಪುರಾತತ್ವದವರ ಮಾತೂ ಸರಿ: ವಸ್ತು ಯಾವ ಪದರದಲ್ಲಿ, ಯಾವುದರ ಪಕ್ಕ ಇತ್ತು ಅನ್ನುವುದೇ ಚರಿತ್ರೆ, ಕಿತ್ತು ತೆಗೆದರೆ ಅದು ಬರೀ ಲೋಹ. ಹಂಪಿಯಲ್ಲಿ, ಹಳೇ ಕೋಟೆಯಲ್ಲಿ, ಹೊಲದಲ್ಲಿ ನಾನೂ ಅವರ ಪರವೇ. ಆದರೆ ದಿನಕ್ಕೆರಡು ಸಲ ಕಡಲೇ ಉತ್ತು ಹಾಕುವ ಒದ್ದೆ ಮರಳಿನಲ್ಲಿ ಯಾವ ಪದರ ಸ್ವಾಮಿ? ಗುಡಿ ಒಡೆದವರು ಯಾವ ಕಚೇರಿಗೂ ಅರ್ಜಿ ಬರೆದುಕೊಂಡು ಹೋಗಿರಲಿಕ್ಕಿಲ್ಲ. ಅರ್ಜಿ ಹಿಡಿದು ಅಲೆದವನು ನಾನು!

ನಾವು ಪ್ರೋಗ್ರಾಮರುಗಳಿಗೆ ಇದು ಗೊತ್ತಿರುವ ಕಾಯಿಲೆ. ಡಾಕ್ಯುಮೆಂಟೇಶನ್ ಇಲ್ಲದ ಕೋಡನ್ನು ಯಾರೂ ಮುಟ್ಟುವುದಿಲ್ಲ. ಮುಟ್ಟುವವನು ಹಾಳು ಮಾಡಲೆಂದೇ ಬಂದವನು.

ನಾನು ಕೇಳುವುದು ಒಂದು ಪುಟ. ಯಾವ ತೀರ ಯಾರ ಸುಪರ್ದಿ. ಒದ್ದೆ ಮರಳಿನಲ್ಲಿ ಕೈಸಲಿಕೆ ಮಟ್ಟಕ್ಕೆ ಹುಡುಕಬಹುದು, ಗುಂಡಿ ಮುಚ್ಚಬೇಕು. ಕಡಲಾಮೆ ಮೊಟ್ಟೆಯಿಡುವ ಜಾಗ, ಸ್ಮಾರಕದ ಆಸುಪಾಸು ಪೂರ್ತಿ ನಿಷೇಧ. ಬೇರೆಯವರ ಒಡವೆ ಸಿಕ್ಕರೆ ಠಾಣೆಗೆ ಕೊಟ್ಟು ರಸೀದಿ. ಹಳೆಯದು ಸಿಕ್ಕರೆ ಇಂಥ ಅಧಿಕಾರಿಗೆ ತಿಳಿಸಿ, ಇಷ್ಟು ಬಹುಮಾನ. ಇದನ್ನು ಕನ್ನಡದಲ್ಲಿ ಬರೆದು ಪ್ರತಿ ತೀರದಲ್ಲೂ ಬೋರ್ಡ್ ಹಾಕಲಿ. ತಪ್ಪಿದರೆ ದಂಡ ಹಾಕಲಿ, ನನಗೇ ಮೊದಲು ಹಾಕಲಿ.

ಸಾರ್ವಜನಿಕ ಜಾಗ ಎಲ್ಲರದು ಅಂದರೆ ಸಿಕ್ಕಿದವನದು ಅಂತ ಅರ್ಥವಲ್ಲ, ಒಪ್ಪಿದೆ. ಆದರೆ ಯಾರದ್ದೂ ಅಲ್ಲ ಅಂತಲೂ ಅರ್ಥವಲ್ಲ.

ಮೆಷಿನ್ ಅಟ್ಟದ ಮೇಲಿದೆ. ಅಕ್ಕ ಈಗ ಬೀಚಿಗೆ ಹೋಗುವಾಗ ಬಳೆಯನ್ನೂ ತೆಗೆದಿಟ್ಟು ಹೋಗುತ್ತಾಳೆ. ನೀವೇನಂತೀರಿ?