ಇಗರ್ಜಿಯ ಬಾಗಿಲು ತೆರೆಯಿತು, ನೆರೆಮನೆಯದ್ದು?

ನವೆಂಬರ್ 2 ಬಂತೆಂದರೆ ಮಂಗಳೂರು ಕಡೆಯ ಇಗರ್ಜಿಗಳ ಸಮಾಧಿಭೂಮಿಗೆ ಕಳೆ ಬರುತ್ತದೆ. ಅದು ಮೃತರ ಸ್ಮರಣೆಯ ದಿನ. ಗೋರಿಗಳಿಗೆ ಹೂವು, ಸಾಲು ಸಾಲು ಮೇಣದ ಬತ್ತಿ, ಪಾದ್ರಿಗಳ ಪ್ರಾರ್ಥನೆ. ಕಳೆದ ಸಲ ಎಲ್ಲರೂ ಮನೆಗೆ ಹೋದ ಮೇಲೆ ಒಬ್ಬ ಬಾಯಮ್ಮ ಒಬ್ಬರೇ ಬಂದು ಮಗನ ಗೋರಿಗೆ ಬತ್ತಿ ಹಚ್ಚಿದರು. "ಇಷ್ಟು ತಡ ಯಾಕೆ ಬಾಯಮ್ಮ?" ಅಂತ ಕೇಳಿದೆ. "ಜನ ಇರುವಾಗ ಬಂದ್ರೆ ಮಾತಾಡ್ತಾರೆ" ಅಂದರು. ಮಗ ತನ್ನ ಜೀವ ತಾನೇ ಕಳೆದುಕೊಂಡವನು.

ಮಾತಾಡುವವರಿಗೆ ಒಂದೇ ಪ್ರಶ್ನೆ. ನೀವು ಯಾವ ಕಾಲದ ಕಾನೂನು ಹಿಡಿದುಕೊಂಡು ಕೂತಿದ್ದೀರಿ ಮಾರಾಯ್ರೆ?

ಬುದ್ಧಿಪೂರ್ವಕ ಆತ್ಮಹತ್ಯೆ ಮಾಡಿಕೊಂಡವರಿಗೆ ಇಗರ್ಜಿಯ ಅಂತ್ಯಕ್ರಿಯೆ ಇಲ್ಲ ಎಂದು ಕೆಥೋಲಿಕ್ ಧರ್ಮಸಭೆಯ 1917ರ ಕಾನೂನು ಸಂಹಿತೆ ಹೇಳಿತ್ತು, ನಿಜ. 1983ರ ಹೊಸ ಸಂಹಿತೆಯಲ್ಲಿ ಆ ಮಾತನ್ನೇ ಕೈಬಿಟ್ಟರು. 1992ರ ಧರ್ಮೋಪದೇಶ ಗ್ರಂಥ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ತೀವ್ರ ಮನೋವ್ಯಾಧಿ, ಸಂಕಟ, ಭಯ ಇವು ಮನುಷ್ಯನ ಹೊಣೆಯನ್ನು ಕಡಿಮೆ ಮಾಡುತ್ತವೆ. ಹಾಗೆ ಸತ್ತವರ ಆತ್ಮರಕ್ಷಣೆಯ ಬಗ್ಗೆ ನಿರಾಶರಾಗಬಾರದು. ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ ಎಂಬುದು ಅದರ ಸಾರ.

ಸರಕಾರವೂ ಸುಮ್ಮನೆ ಕೂರಲಿಲ್ಲ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ವಿಧಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಮು ಇಲ್ಲವೇ ಇಲ್ಲ.

ರೋಮ್ ಬದಲಾಯಿತು, ದಿಲ್ಲಿ ಬದಲಾಯಿತು. ನಮ್ಮ ಓಣಿ ಮಾತ್ರ ಬದಲಾಗಲಿಲ್ಲ!

"ವಿಶ್ವಾಸ ಕಮ್ಮಿ ಇತ್ತು, ಜಪಸರ ಹಿಡಿದಿದ್ರೆ ಹೀಗಾಗ್ತಿರಲಿಲ್ಲ" ಎಂಬ ಗುಸುಗುಸು ಶವ ಮನೆಯಿಂದ ಹೊರಡುವ ಮೊದಲೇ ಶುರು. ಹಾಗಾದರೆ ಬೈಬಲಿನ ಪ್ರವಾದಿ ಎಲೀಯನಿಗೂ ವಿಶ್ವಾಸ ಕಮ್ಮಿ ಇತ್ತೇ? ಅಡವಿಯಲ್ಲಿ ಗಿಡದ ಬುಡದಲ್ಲಿ ಕೂತು, ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ದೇವರನ್ನೇ ಬೇಡಿದವನು ಅವನು. ಬಂದ ದೇವದೂತ ಉಪದೇಶ ಕೊಡಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ಯೋಬನ ಗೆಳೆಯರೂ ಏಳು ದಿನ ಬಾಯಿ ಬಿಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಅವರು ಬಾಯಿ ಬಿಟ್ಟ ಮೇಲೆಯೇ ಅಲ್ಲವೇ ಎಲ್ಲ ಕೆಟ್ಟದ್ದು?

ಇಂಗ್ಲೆಂಡಿನ ಚಾಡ್ ವಾರಾ ಎಂಬ ಆಂಗ್ಲಿಕನ್ ಪಾದ್ರಿ 1935ರಲ್ಲಿ ಒಬ್ಬ ಎಳೆಯ ಹುಡುಗಿಯ ಅಂತ್ಯಕ್ರಿಯೆ ನಡೆಸಬೇಕಾಯಿತು. ಮುಟ್ಟಾದದ್ದನ್ನೇ ಕೆಟ್ಟ ರೋಗವೆಂದು ಹೆದರಿ ಜೀವ ಕಳೆದುಕೊಂಡವಳು ಅವಳು. ಕೇಳೋಣವೆಂದರೆ ಅವಳಿಗೆ ಯಾರೂ ಇರಲಿಲ್ಲ. ಆ ಪಾದ್ರಿ ಅದನ್ನು ಮರೆಯಲಿಲ್ಲ. 1953ರಲ್ಲಿ ಲಂಡನ್ನಿನ ತಮ್ಮ ಇಗರ್ಜಿಯಲ್ಲೇ ಟೆಲಿಫೋನ್ ಇಟ್ಟು, ನೊಂದವರ ಮಾತು ಕೇಳಲು ಕೂತರು. ಅದೇ ಮುಂದೆ 'ಸಮಾರಿಟನ್ಸ್' ಸಂಸ್ಥೆಯಾಗಿ ಬೆಳೆಯಿತು. ತೀರ್ಪು ಕೊಡುವುದಲ್ಲ, ಕಿವಿ ಕೊಡುವುದು; ವಿಶ್ವಾಸವೆಂದರೆ ಇದು.

"ಹಾಗಾದ್ರೆ ಆತ್ಮಹತ್ಯೆ ಸರಿ ಅಂತೀರಾ?" ಎಂದು ಕೇಳುವವರಿದ್ದಾರೆ. ಖಂಡಿತ ಇಲ್ಲ. ಧರ್ಮಸಭೆಯೂ ಹಾಗೆ ಹೇಳಿಲ್ಲ. ಜೀವ ದೇವರು ಕೊಟ್ಟದ್ದು ಎಂಬ ಮಾತು ಬದುಕಿರುವವರನ್ನು ಹಿಡಿದು ನಿಲ್ಲಿಸಲು ಬೇಕು. ಮಗನನ್ನು ಕಳೆದುಕೊಂಡ ತಾಯಿಗೆ ಕಲ್ಲಿನಂತೆ ಎಸೆಯಲು ಅಲ್ಲ. 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 1,70,924 ಮಂದಿ ಹೀಗೆ ಹೋದರು ಎನ್ನುತ್ತದೆ ಸರಕಾರದ ಲೆಕ್ಕ. ಅಷ್ಟೂ ಮನೆಯವರು ಕತ್ತಲಾದ ಮೇಲೆಯೇ ಬತ್ತಿ ಹಚ್ಚಬೇಕೇ?

ವಾರ್ಡಿನ ಗುರಿಕಾರರಲ್ಲಿ ಒಂದು ವಿನಂತಿ. ಅಂತ್ಯಕ್ರಿಯೆ ಮುಗಿದ ಮೇಲೂ ಅಂಥ ಮನೆಗೆ ಹೋಗುತ್ತಿರಿ. ಸತ್ತವನ ಹೆಸರು ಹಿಡಿದು ಮಾತಾಡಿ. ಇಗರ್ಜಿಯ ನೋಟೀಸು ಬೋರ್ಡಿನಲ್ಲಿ ಟೆಲಿ ಮಾನಸ್‌ನ 14416 ನಂಬರು ದೊಡ್ಡ ಅಕ್ಷರದಲ್ಲಿ ಬರೆಸಿ. 2022ರಲ್ಲಿ ಕೇಂದ್ರ ಸರಕಾರ ಶುರು ಮಾಡಿದ ಉಚಿತ ಸೇವೆ ಅದು. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಪ್ರಾರ್ಥನೆಯೂ ಇರಲಿ, ವೈದ್ಯರೂ ಇರಲಿ, ಒಂದಕ್ಕೊಂದು ವೈರಿಯಲ್ಲ.

ಬರುವ ನವೆಂಬರ್ 2ಕ್ಕೆ ಆ ಬಾಯಮ್ಮ ಎಲ್ಲರೂ ಇರುವಾಗಲೇ ಬರಬೇಕು. ಅದಕ್ಕೆ ದೊಡ್ಡ ಪವಾಡವೇನೂ ಬೇಡ. ಪಕ್ಕದ ಮನೆಯವರೊಬ್ಬರು "ಬನ್ನಿ, ಒಟ್ಟಿಗೆ ಹೋಗುವ" ಅಂದರೆ ಸಾಕು.