ಶಿಶುವೈದ್ಯರ ಶಿಕ್ಷಣ ಮತ್ತು ಆಸ್ಪತ್ರೆಯ ಕಾಯಕ

ಶರಣ ಪರಂಪರೆಯ ಮಠಗಳು ಅನ್ನದಾಸೋಹದೊಡನೆ ಅಕ್ಷರದಾಸೋಹವನ್ನೂ ಕೈಗೊಂಡು, ಹಳ್ಳಿಗಳಿಂದ ಬಂದ ಬಡ ಮಕ್ಕಳಿಗೆ ವಿದ್ಯೆಯ ಬಾಗಿಲನ್ನು ತೆರೆದುದು ಸರ್ವವಿದಿತವಾದ ಸಂಗತಿ. ಪ್ರಸಾದನಿಲಯಗಳಲ್ಲಿ ಉಂಡು ಓದಿದ ಅನೇಕರು ಇಂದು ವೈದ್ಯರಾಗಿದ್ದಾರೆ. ಸಮಾಜದ ಔದಾರ್ಯದಿಂದ ವೈದ್ಯಕೀಯ ಶಿಕ್ಷಣವೂ ಈ ನಾಡಿನಲ್ಲಿ ಬೆಳೆಯಿತು. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯು 1963ರಲ್ಲಿ, ಮೈಸೂರಿನಲ್ಲಿ ಸುತ್ತೂರು ಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠವು 1984ರಲ್ಲಿ ವೈದ್ಯಕೀಯ ಕಾಲೇಜುಗಳನ್ನು ತೆರೆದವು. ಕಟ್ಟಡಗಳೆದ್ದವು, ಹಾಸಿಗೆಗಳು ಹೆಚ್ಚಿದವು. ಆದರೆ ಆ ಹಾಸಿಗೆಯ ಮೇಲೆ ಮಲಗಿದ ಮಗುವನ್ನು ಹಗಲಿರುಳು ನೋಡಿಕೊಳ್ಳುವ ವೈದ್ಯರನ್ನು ಸಿದ್ಧಪಡಿಸುವ ಬಗೆ ಯಾವುದೆಂಬ ಪ್ರಶ್ನೆಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ.

ಭಾರತದಲ್ಲಿ 1971ರಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 129 ಶಿಶುಗಳು ವರ್ಷ ತುಂಬುವ ಮೊದಲೇ ಅಸುನೀಗುತ್ತಿದ್ದವು. 2020ರ ವೇಳೆಗೆ ಈ ಸಂಖ್ಯೆ 28ಕ್ಕೆ ಇಳಿಯಿತು. ಲಸಿಕೆ, ಆಹಾರ, ಶುದ್ಧವಾದ ನೀರು, ಆಸ್ಪತ್ರೆಯಲ್ಲಾಗುವ ಹೆರಿಗೆ ಇವೆಲ್ಲಕ್ಕೂ ಈ ಇಳಿಕೆಯಲ್ಲಿ ಪಾಲುಂಟು. ಆದರೆ ಆ 28 ಸಾವುಗಳಲ್ಲಿ 20 ಸಾವುಗಳು ಜನನದ ಮೊದಲ ನಾಲ್ಕು ವಾರಗಳಲ್ಲಿಯೇ ಸಂಭವಿಸಿದವು. ತಿಂಗಳು ತುಂಬದೆ ಹುಟ್ಟಿದ ಕೂಸು, ಉಸಿರು ಕಟ್ಟಿದ ಕೂಸು, ನಂಜೇರಿದ ಕೂಸು ಇವುಗಳ ಪ್ರಾಣರಕ್ಷಣೆ ಬಹುಮಟ್ಟಿಗೆ ಆಸ್ಪತ್ರೆಯ ಒಳಗೇ ಆಗಬೇಕು. ಆದುದರಿಂದ ಒಳರೋಗಿ ವಿಭಾಗದ ವೈದ್ಯರ ಶಿಕ್ಷಣವು ಈಗ ಹಿಂದೆಂದಿಗಿಂತ ಹೆಚ್ಚು ಬೆಲೆಯುಳ್ಳದ್ದಾಗಿದೆ.

ಅಮೆರಿಕೆಯಲ್ಲಿ ಈ ವಿಚಾರವು ಒಂದು ರೂಪವನ್ನು ಪಡೆದಿದೆ. ಆಸ್ಪತ್ರೆಗೆ ದಾಖಲಾದ ರೋಗಿಗಳ ಚಿಕಿತ್ಸೆಯನ್ನೇ ವೃತ್ತಿಯಾಗಿಸಿಕೊಂಡ ವೈದ್ಯರಿಗೆ ‘ಹಾಸ್ಪಿಟಲಿಸ್ಟ್’ ಎಂಬ ಹೆಸರು 1996ರಲ್ಲಿ ಬಂದಿತು. ಮಕ್ಕಳ ಆಸ್ಪತ್ರೆ ವೈದ್ಯಕೀಯವು 2016ರಲ್ಲಿ ಅಲ್ಲಿ ಉಪಶಾಖೆಯೆಂಬ ಮನ್ನಣೆಯನ್ನು ಪಡೆದು, 2019ರಲ್ಲಿ ಅದರ ಮೊದಲ ಪರೀಕ್ಷೆ ನಡೆಯಿತು. ಮೂರು ವರ್ಷಗಳ ರೆಸಿಡೆನ್ಸಿಯ ಮೇಲೆ ಇನ್ನೂ ಎರಡು ವರ್ಷಗಳ ತರಬೇತಿಯನ್ನು ಆ ಶಾಖೆಗೆ ವಿಧಿಸಲಾಗಿದೆ. ಇದು ಸಣ್ಣ ಊರಿನ ಆಸ್ಪತ್ರೆಗಳಿಗೆ ಹೋಗಬಯಸುವ ತರುಣರನ್ನು ಹಿಂಜರಿಯುವಂತೆ ಮಾಡೀತೆಂಬ ಆಕ್ಷೇಪವೂ ಅಲ್ಲಿಯೇ ಎದ್ದಿದೆ. ಹೊರನಾಡಿನ ಪದವಿಯನ್ನು ಹಾಗೆಯೇ ಇಲ್ಲಿ ನೆಡಬೇಕಾಗಿಲ್ಲ. ಅದರ ಹಿಂದಿರುವ ತಿರುಳನ್ನು ಗ್ರಹಿಸಿದರೆ ಸಾಕು.

ಆ ತಿರುಳಾದರೂ ಯಾವುದು? ಮಗುವೆಂದರೆ ಚಿಕ್ಕ ಗಾತ್ರದ ದೊಡ್ಡವನಲ್ಲ. ಮೂರು ಕಿಲೋ ತೂಕದ ಹಸುಗೂಸೂ ಮೂವತ್ತು ಕಿಲೋ ತೂಕದ ಬಾಲಕನೂ ಒಂದೇ ವಾರ್ಡಿನಲ್ಲಿ ಇರಬಹುದು. ತೂಕವನ್ನು ನೋಡಿ ಲೆಕ್ಕ ಹಾಕುವ ಔಷಧದಲ್ಲಿ ಒಂದು ದಶಮಾಂಶದ ಚುಕ್ಕೆ ಸ್ಥಾನ ತಪ್ಪಿದರೆ ಮದ್ದು ಹತ್ತು ಪಟ್ಟಾಗುತ್ತದೆ. ಕೆಮ್ಮಿನಿಂದ ಬಳಲುವ ಮಗುವಿನ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು: ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗಿನ ಮಗುವಿಗೆ 50, ಐದು ವರ್ಷದೊಳಗಿನ ಮಗುವಿಗೆ 40 ಅಥವಾ ಅದಕ್ಕಿಂತ ಹೆಚ್ಚಾದರೆ ಎಚ್ಚರಿಕೆಯ ಗಂಟೆ. ಈ ಎಣಿಕೆಗೆ ಯಂತ್ರ ಬೇಡ, ತಾಳ್ಮೆ ಬೇಕು. ಪಾಠಪುಸ್ತಕವನ್ನು ಬಾಯಿಪಾಠ ಮಾಡಿದವರಿಗೆಲ್ಲ ಈ ತಾಳ್ಮೆ ತಾನಾಗಿ ಬರುವುದಿಲ್ಲ.

ರೂಢಿಯ ಚಿಕಿತ್ಸೆಯನ್ನು ಪ್ರಶ್ನಿಸುವ ಬುದ್ಧಿಯೂ ಬೇಕು. ಜ್ವರದಿಂದ ರಕ್ತಸಂಚಾರ ಕುಂದಿದ ಮಕ್ಕಳಿಗೆ ರಕ್ತನಾಳದ ಮೂಲಕ ಬೇಗಬೇಗನೆ ದ್ರವವನ್ನು ಕೊಡುವುದು ಬಹುಕಾಲದ ಪದ್ಧತಿಯಾಗಿತ್ತು. ಉಗಾಂಡಾ, ಕೀನ್ಯಾ, ಟಾಂಜಾನಿಯಾ ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹಾಗೆ ದ್ರವ ಪಡೆದ ಮಕ್ಕಳಲ್ಲಿ ನೂರಕ್ಕೆ ಸುಮಾರು 10.5ರಷ್ಟು ಮಕ್ಕಳು ಎರಡು ದಿನಗಳೊಳಗೆ ತೀರಿಕೊಂಡರು. ಪಡೆಯದವರಲ್ಲಿ ಈ ಪ್ರಮಾಣ 7.3 ಆಗಿತ್ತು. ಕೃತಕ ಉಸಿರಾಟದ ಸೌಕರ್ಯವಿಲ್ಲದ ಆಸ್ಪತ್ರೆಯಲ್ಲಿ, ಶ್ರೀಮಂತ ದೇಶದ ಪದ್ಧತಿ ಯಾವಾಗಲೂ ಹಿತವಾಗದೆಂಬ ಪಾಠ ಇದರಲ್ಲಿದೆ. ತಾನು ನಿಂತ ನೆಲದ ಅನುಕೂಲ ಪ್ರತಿಕೂಲಗಳನ್ನು ಅರಿತು ಚಿಕಿತ್ಸೆ ನೀಡುವುದನ್ನು ತರುಣ ವೈದ್ಯರಿಗೆ ಕಲಿಸಬೇಕು.

ಇನ್ನು ಪಾಳಿ ಬದಲಾಗುವ ಹೊತ್ತಿನ ಮಾತು. ರಾತ್ರಿಯೆಲ್ಲ ದುಡಿದ ವೈದ್ಯರು ಬೆಳಗಿನವರಿಗೆ ರೋಗಿಗಳನ್ನು ಒಪ್ಪಿಸುವಾಗ ಒಂದು ಮಾತು ಬಿಟ್ಟುಹೋದರೆ ಅದರ ಫಲವನ್ನು ಮಗು ಉಣ್ಣಬೇಕಾಗುತ್ತದೆ. ಉತ್ತರ ಅಮೆರಿಕೆಯ ಒಂಬತ್ತು ಮಕ್ಕಳ ವೈದ್ಯ ತರಬೇತಿ ಕೇಂದ್ರಗಳಲ್ಲಿ ಈ ಒಪ್ಪಿಸುವಿಕೆಗೆ ಒಂದು ಕ್ರಮವನ್ನು ಕಲಿಸಲಾಯಿತು. ರೋಗದ ತೀವ್ರತೆ, ಸಂಕ್ಷಿಪ್ತ ವೃತ್ತಾಂತ, ಮಾಡಬೇಕಾದ ಕೆಲಸ, ಬರಬಹುದಾದ ಅಪಾಯ, ಕೊನೆಗೆ ಕೇಳಿದವರು ತಿರುಗಿ ಹೇಳುವುದು, ಇಷ್ಟೇ ಅದರ ಸಾರ. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ ವೈದ್ಯಕೀಯ ತಪ್ಪುಗಳು ನೂರಕ್ಕೆ 23ರಷ್ಟು, ತಡೆಯಬಹುದಾಗಿದ್ದ ಹಾನಿಗಳು ನೂರಕ್ಕೆ 30ರಷ್ಟು ಕಡಿಮೆಯಾದವು. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಬೇಕಾದುದು ಶಿಸ್ತು, ಮತ್ತು ಅದನ್ನು ದಿನದಿನವೂ ಪಕ್ಕದಲ್ಲಿ ನಿಂತು ತಿದ್ದುವ ಗುರು.

ಭಾರತದಲ್ಲಿ ಇದಕ್ಕೊಂದು ಸದವಕಾಶ ಒದಗಿದೆ. 2020ರಲ್ಲಿ ಹೊರಟ ನಿಯಮದಂತೆ ಸ್ನಾತಕೋತ್ತರ ವೈದ್ಯವಿದ್ಯಾರ್ಥಿಗಳು ಮೂರು ತಿಂಗಳ ಕಾಲ ಜಿಲ್ಲಾ ಆಸ್ಪತ್ರೆಯ ವ್ಯವಸ್ಥೆಯಲ್ಲಿ ದುಡಿಯಬೇಕು. ಕೆಲವರು ಇದನ್ನು ಪರೀಕ್ಷೆಯ ಓದಿಗೆ ಅಡ್ಡಿಯೆಂದು ಬಗೆಯುತ್ತಾರೆ. ಮಾರ್ಗದರ್ಶನವಿಲ್ಲದೆ ಕಳುಹಿಸಿದಲ್ಲಿ ಆ ದೂರು ನಿಜವೂ ಆದೀತು. ಆದರೆ ಬೋಧನಾಸ್ಪತ್ರೆಯಲ್ಲಿ ಅಪರೂಪದ ರೋಗಗಳನ್ನು ಕಂಡವರು, ನ್ಯುಮೋನಿಯಾ, ಭೇದಿ, ನ್ಯೂನಪೋಷಣೆಗಳಿಂದ ನರಳುವ ಸಾಮಾನ್ಯರ ಮಕ್ಕಳನ್ನು ಸೀಮಿತ ಸಲಕರಣೆಗಳಲ್ಲಿ ಗುಣಪಡಿಸುವುದನ್ನು ಕಲಿಯುವ ಪಾಠಶಾಲೆ ಅದೇ. ಯಾವ ಮಗುವನ್ನು ಇಲ್ಲಿಯೇ ಉಳಿಸಿಕೊಳ್ಳಬೇಕು, ಯಾವುದನ್ನು ಯಾವ ಗಳಿಗೆಯಲ್ಲಿ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕೆಂಬ ವಿವೇಕವೂ ಅಲ್ಲಿಯೇ ಮೂಡುತ್ತದೆ. ಅನುಭವಿ ದಾದಿಯ ಮಾತಿಗೆ ಕಿವಿಗೊಡುವುದನ್ನೂ, ಮಗುವಿನ ಮಗ್ಗುಲಲ್ಲಿ ಕುಳಿತ ತಾಯಿಗೆ ಅವಳ ಆಡುನುಡಿಯಲ್ಲಿಯೇ ಸ್ಥಿತಿಯನ್ನು ತಿಳಿಸುವುದನ್ನೂ ಅಲ್ಲಿ ಕಲಿಯಬಹುದು.

ಮಕ್ಕಳ ವೈದ್ಯರೇ ಸಾಲದಿರುವಾಗ ಆಸ್ಪತ್ರೆಗೆಂದೇ ಬೇರೆ ತರಬೇತಿ ಏಕೆಂದು ಕೇಳುವವರುಂಟು. ಹೊಸ ಪದವಿ ಬೇಡವೆಂಬುದು ಒಪ್ಪತಕ್ಕ ಮಾತೇ. ಆದರೆ ಇರುವ ಮೂರು ವರ್ಷಗಳೊಳಗೆ ಈ ಸಾಮರ್ಥ್ಯಗಳನ್ನು ಕಲಿಸಿ, ಪರೀಕ್ಷಿಸಿ, ಗೌರವಿಸಲು ಅಡ್ಡಿಯೇನು? ಅಪರೂಪದ ರೋಗವನ್ನು ಗುರುತಿಸಿದವರಿಗೆ ದೊರೆಯುವ ಪ್ರಶಂಸೆಯು ವಾರ್ಡನ್ನು ಕ್ರಮವಾಗಿ ನಡೆಸಿದವರಿಗೂ ದೊರೆಯಬೇಡವೇ? ವೈದ್ಯರನ್ನು ನಿದ್ರೆಗೆಡಿಸಿ ದುಡಿಸಿಕೊಳ್ಳುವುದೇ ತರಬೇತಿಯೆಂಬ ಭ್ರಮೆಯೂ ತೊಲಗಬೇಕು. ಬಳಲಿದ ಕೈಯಿಂದ ಸರಿಯಾದ ಲೆಕ್ಕವನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ದಾನಿಗಳು ಕಟ್ಟಡಕ್ಕೆ ಕೊಟ್ಟ ಹಣ ಕಣ್ಣಿಗೆ ಕಾಣುತ್ತದೆ. ಕಲ್ಲಿನ ಮೇಲೆ ಹೆಸರೂ ಉಳಿಯುತ್ತದೆ. ನವಜಾತ ಶಿಶುವಿಗೆ ಉಸಿರು ತುಂಬುವುದನ್ನು ಬೊಂಬೆಯ ಮೇಲೆ ಅಭ್ಯಸಿಸುವ ಕೊಠಡಿಗೆ, ಜಿಲ್ಲೆಗೆ ಹೋಗುವ ತರುಣ ವೈದ್ಯರ ವಸತಿಗೆ, ದಾದಿಯರ ತರಬೇತಿಗೆ ಸಲ್ಲುವ ಹಣ ಹಾಗೆ ಕಾಣದು. ಆದರೂ ಅದು ದಾಸೋಹವೇ. ವೈದ್ಯರಾದ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ಕೆಲವು ದಿನಗಳನ್ನು ಜಿಲ್ಲಾ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಕಿರಿಯರಿಗೆ ಕಲಿಸಲು ಮೀಸಲಿಡಲಿ. ಶಾಲೆಯ ಉಪಾಧ್ಯಾಯರು ವೈದ್ಯರಾಗಬಯಸುವ ಮಕ್ಕಳಿಗೆ ಅಂಕಗಳೊಡನೆ ಕಾಯಕದ ಅರ್ಥವನ್ನೂ ತಿಳಿಸಲಿ. ನಡುರಾತ್ರಿಯಲ್ಲಿ ಮಗುವನ್ನೆತ್ತಿಕೊಂಡು ಬಂದ ತಾಯಿಗೆ, ತನ್ನ ಜಿಲ್ಲೆಯ ಆಸ್ಪತ್ರೆಯಲ್ಲಿಯೇ ಬಲ್ಲ ವೈದ್ಯರೊಬ್ಬರು ಎಚ್ಚರವಾಗಿ ದೊರೆಯುವಂತಾಗಲಿ ಎಂಬುದೇ ಈ ಎಲ್ಲ ಪ್ರಯತ್ನಗಳ ಗುರಿ.